ಪದವಿಯಿಲ್ಲದ ಪ್ರಾಧ್ಯಾಪಕ

ಚರಿತ್ರೆಯ ಪ್ರಾಧ್ಯಾಪಕರೆಂದೊಡನೆ ಹೆಸರಿನ ಹಿಂದೆ ಬಾಲದಂತಿರುವ ಪದವಿಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. 1947ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಪೋರ್ಚುಗೀಸ್ ವ್ಯಾಸಂಗದ ಪೀಠದಲ್ಲಿ ಕುಳ್ಳಿರಿಸಿದ್ದು ಅಂಥ ಯಾವ ಬಾಲವೂ ಇಲ್ಲದ ಒಬ್ಬ ಸೇನಾಧಿಕಾರಿಯನ್ನು. ಅವರೇ ಚಾರ್ಲ್ಸ್ ರಾಲ್ಫ್ ಬಾಕ್ಸರ್.

1904ರಲ್ಲಿ ಹುಟ್ಟಿದ ಬಾಕ್ಸರರು ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಿಂದ ನೇರವಾಗಿ ದಂಡಿಗೆ ಸೇರಿದರು. ಪೋರ್ಚುಗೀಸ್, ಡಚ್ ಭಾಷೆಗಳನ್ನು ಸ್ವಂತ ಆಸಕ್ತಿಯಿಂದ ಕಲಿತರು. 1930ರ ಬಳಿಕ ಜಪಾನಿನಲ್ಲಿದ್ದು ಅಲ್ಲಿಯ ನುಡಿಯನ್ನೂ ಅಭ್ಯಾಸಮಾಡಿದರು. ಹಳೆಯ ಗ್ರಂಥಗಳನ್ನು ಕೂಡಿಹಾಕುವ ಹುಚ್ಚು ಬೇರೆ. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ಕಾಳಗದಲ್ಲಿ ಗಾಯಗೊಂಡು ಜಪಾನೀಯರ ಸೆರೆಯಾದರು. ಶಿಬಿರದಲ್ಲಿ ಗುಟ್ಟಾಗಿ ರೇಡಿಯೋ ಸುದ್ದಿ ಕೇಳಿದ ಪ್ರಕರಣದಲ್ಲಿ ಸಿಕ್ಕಿ ಏಕಾಂತ ಸೆರೆಯನ್ನೂ ಅನುಭವಿಸಿದರು. ಮನೆಯಲ್ಲಿ ನಿಶ್ಚಿಂತೆಯಾಗಿ ರೇಡಿಯೋ ತಿರುಗಿಸುವ ನಾವು ಇದನ್ನು ನೆನೆಯಬೇಕು. ಅವರ ಪುಸ್ತಕಗಳನ್ನು ಜಪಾನೀಯರು ಟೋಕಿಯೋಗೆ ಸಾಗಿಸಿದ್ದರು. ಯುದ್ಧ ಮುಗಿದಮೇಲೆ ಬಾಕ್ಸರರು ಅಲ್ಲಿಗೇ ಹೋಗಿ, ಬಹುಪಾಲನ್ನು ಹುಡುಕಿ ಮರಳಿ ಪಡೆದರು.

ಇವರ ಪಾಂಡಿತ್ಯ ಎಂಥದೆಂಬುದಕ್ಕೆ 1959ರ ‘ದಿ ಗ್ರೇಟ್ ಶಿಪ್ ಫ್ರಮ್ ಅಮಕಾನ್’ ಒಂದೇ ಸಾಕು. ಮಕಾವಿನಿಂದ ನಾಗಸಾಕಿಗೆ ಹೋಗುತ್ತಿದ್ದ ಪೋರ್ಚುಗೀಸ್ ಹಡಗಿನ ವೃತ್ತಾಂತವನ್ನು 1555ರಿಂದ 1640ರವರೆಗೆ ವರ್ಷವರ್ಷವಾಗಿ ಅದರಲ್ಲಿ ಬಿಡಿಸಿಟ್ಟಿದ್ದಾರೆ. ಚೀನದ ರೇಷ್ಮೆ ಜಪಾನಿಗೆ ಬೇಕು. ಜಪಾನಿನ ಬೆಳ್ಳಿಗೆ ಚೀನದಲ್ಲಿ ಬೆಲೆ ಹೆಚ್ಚು. ಆದರೆ ಇಬ್ಬರೂ ನೇರವಾಗಿ ವ್ಯಾಪಾರಮಾಡಲು ಮಿಂಗ್ ಅರಸರ ನಿಷೇಧವಿತ್ತು. ನಡುವೆ ನಿಂತು ಲಾಭ ಹೊಡೆದವರು ಪೋರ್ಚುಗೀಸರು. ಐರೋಪ್ಯರ ಸಿರಿಯೆಲ್ಲ ಯೂರೋಪಿಗೆ ಮೆಣಸು ಸಾಗಿಸಿದ್ದರಿಂದಲೇ ಬಂದಿತೆಂದು ಪಾಠಹೇಳುತ್ತ ಬಂದ ನನ್ನಂಥವರು ಇಲ್ಲಿ ತುಸು ತಡೆಯಬೇಕಾಗುತ್ತದೆ. ನಮ್ಮ ಬಸರೂರಿನ ಅಕ್ಕಿ ಗೋವೆಯ ಹೊಟ್ಟೆ ತುಂಬುತ್ತಿದ್ದುದೂ ಇಂಥದೇ ಕರಾವಳಿ ವ್ಯಾಪಾರದ ಮಾತು.

ಪೋರ್ಚುಗಲ್ಲಿಗೆ ಬಾಕ್ಸರರು ಬೇಕಾದವರಾಗಿದ್ದರು. ಆದರೆ 1963ರಲ್ಲಿ ಪೋರ್ಚುಗೀಸ್ ಸಾಮ್ರಾಜ್ಯದ ವರ್ಣಸಂಬಂಧಗಳನ್ನು ಕುರಿತ ಸಣ್ಣ ಪುಸ್ತಕವೊಂದನ್ನು ಹೊರತಂದರು. ನಮ್ಮಲ್ಲಿ ವರ್ಣಭೇದವೇ ಇರಲಿಲ್ಲವೆಂದು ಸಲಜಾರನ ಸರ್ಕಾರ ಸಾರುತ್ತಿದ್ದ ಕಾಲ ಅದು. ಗೋವೆ ಕೈಬಿಟ್ಟು ಎರಡು ವರ್ಷವೂ ತುಂಬಿರಲಿಲ್ಲ. ಕ್ರೈಸ್ತರಾದ ಭಾರತೀಯರನ್ನೂ ಧಾರ್ಮಿಕ ಸಂಘಗಳು ಹೇಗೆ ದೂರವಿಟ್ಟವೆಂಬುದನ್ನು ಅವರು ಹಳೆಯ ದಾಖಲೆಗಳಿಂದಲೇ ತೋರಿಸಿದರು. ಲಿಸ್ಬನ್ನಿನ ಪತ್ರಿಕೆಗಳು ಹರಿಹಾಯ್ದವು. ಹಿಂದಿನ ಸ್ನೇಹಿತರಲ್ಲಿ ಕೆಲವರು ಮುನಿದರು. ಬರೆದುದನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

1967ರಲ್ಲಿ ಪೀಠ ಬಿಟ್ಟಮೇಲೆ ಅಮೆರಿಕದ ಇಂಡಿಯಾನ, ಯೇಲ್ ವಿಶ್ವವಿದ್ಯಾನಿಲಯಗಳಲ್ಲಿ ಪಾಠಹೇಳಿದರು. 2000ದಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಸೆರೆಹೋಗಿ ಬಂದ ಆ ಗ್ರಂಥಗಳನ್ನು ಕೊಂಡುಕೊಂಡದ್ದು ಇಂಡಿಯಾನದ ಲಿಲ್ಲಿ ಗ್ರಂಥಾಲಯ.