ಕೊಟ್ಟಿಗೆಯಲ್ಲಿ ನಿಂತ ಗಾಡಿ

ಅಮೆರಿಕದ ಟೆಲಿವಿಷನ್ನಿನಲ್ಲಿ 2010ರಲ್ಲಿ ‘ಅಮೆರಿಕನ್ ಪಿಕರ್ಸ್’ ಎಂಬ ಮಾಲಿಕೆ ಆರಂಭವಾಯಿತು. ಹಳ್ಳಿಗಾಡಿನ ಕಣಜ, ಕೊಟ್ಟಿಗೆಗಳನ್ನು ಹೊಕ್ಕು, ಧೂಳು ಹಿಡಿದ ಮೋಟಾರ್ ಸೈಕಲ್ಲು, ಕಾರುಗಳನ್ನು ಚೌಕಾಸಿ ಮಾಡಿ ಕೊಳ್ಳುವುದೇ ಅದರ ವಸ್ತು. ಅಲ್ಲಿ ಪ್ರತಿಸಲವೂ ಏಳುವ ಪ್ರಶ್ನೆ ಒಂದೇ: ಇದರ ಬೆಲೆ ಎಷ್ಟು?

ಶ್ರೋತೃಮಿತ್ರರೇ, ಈ ಪ್ರಶ್ನೆ ನಮ್ಮ ತಾಳಗುಪ್ಪದ ಸೀಮೆಗೂ ದೂರದ್ದಲ್ಲ. ಅಡಕೆ ತೋಟದ ಮನೆಯ ಕೊಟ್ಟಿಗೆಯಲ್ಲಿ, ಸೌದೆಯ ಮರೆಯಲ್ಲಿ, ವಿಲ್ಲೀಸ್ ಜೀಪೋ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್ಲೋ ನಿಂತಿರಬಹುದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೀಟರ್ ಗೇಜ್ ಹಳಿಯ ಮೇಲೆ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಓಡುತ್ತಿದ್ದ ರೈಲ್‌ಬಸ್ಸೂ ಇಂದು ನೆನಪಷ್ಟೆ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಮೂಲರೂಪ ಕೆಡದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ‘ವಿಂಟೇಜ್’ ಎಂಬ ಮನ್ನಣೆ; ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅವನ್ನು ಬಳಸುವಂತಿಲ್ಲ.

ನಿಯಮ ವಾಹನದ ರೂಪವನ್ನು ಕಾಯುತ್ತದೆ, ನಿಜ. ಆದರೆ ಜಡಿಮಳೆಯ ರಾತ್ರಿ ಆ ಜೀಪು ಯಾವ ಗರ್ಭಿಣಿಯನ್ನು ಸಾಗರಕ್ಕೆ ಮುಟ್ಟಿಸಿತು, ಯಾರ ಮನೆಯ ಅಡಕೆಯನ್ನು ಮಂಡಿಗೆ ಹೊತ್ತಿತು, ಯಾವ ಏರಿನಲ್ಲಿ ಊರವರೆಲ್ಲ ಸೇರಿ ಅದನ್ನು ನೂಕಿದರು ಎಂಬುದು ಯಾವ ದಾಖಲೆಯಲ್ಲಿಯೂ ಇಲ್ಲ. ಅದು ಮನೆಯ ಹಿರಿಯರ ನಾಲಗೆಯ ಮೇಲಿದೆ, ಅವರೊಡನೆಯೇ ಹೋಗಿಬಿಡುತ್ತದೆ.

ಗಾಡಿಯನ್ನು ಮಾರಬೇಡಿರೆಂದು ನಾನು ಹೇಳುವುದಿಲ್ಲ. ಬೆಲೆ ಮಾತಾಡುವ ಮುನ್ನ ಅಜ್ಜನನ್ನೋ ಹಳೆಯ ಡ್ರೈವರನ್ನೋ ಕೂರಿಸಿ ಕೇಳಿ, ನಾಲ್ಕು ಪುಟ ಬರೆದುಕೊಳ್ಳಿ. ಒಂದು ಪ್ರತಿ ನೋಂದಣಿ ಪುಸ್ತಕದೊಡನೆ ಹೋಗಲಿ, ಇನ್ನೊಂದು ಮನೆಯಲ್ಲಿ ಉಳಿಯಲಿ.