ನಾರುಹುಣ್ಣು ತೊಲಗಿದ ಬಗೆ

ನಾರುಹುಣ್ಣು ಕುಡಿಯುವ ನೀರಿನಿಂದ ಬರುವ ರೋಗ. ಅದಕ್ಕೆ ಕಾರಣ ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್ ಎಂಬ ಹುಳು. ಜಗತ್ತಿನ ಬೇರೆ ಕಡೆ ಇದನ್ನು ಗಿನಿ ಹುಳು ಎನ್ನುತ್ತಾರೆ. ಬೆಳೆದ ಹೆಣ್ಣು ಹುಳು ಎರಡರಿಂದ ಮೂರು ಅಡಿ ಉದ್ದವಿರುತ್ತದೆ, ಬಿಳಿ ದಾರದಷ್ಟೇ ದಪ್ಪ. ಮನುಷ್ಯನ ಚರ್ಮದ ಕೆಳಗೆ ಸರಿಯುತ್ತಾ ಬಂದು, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಒಂದು ಬೊಕ್ಕೆ ಎಬ್ಬಿಸಿ, ಆ ಬೊಕ್ಕೆ ಒಡೆದಾಗ ತಲೆ ಹೊರಗೆ ಹಾಕುತ್ತದೆ. ಬೊಕ್ಕೆ ಏಳುವಾಗ ಬೆಂಕಿ ತಾಗಿದಂಥ ಉರಿ. ಹುಳುವನ್ನು ಒಮ್ಮೆಲೇ ಎಳೆದು ತೆಗೆಯುವಂತಿಲ್ಲ. ತುಂಡಾದರೆ ಒಳಗೆ ಉಳಿದ ಭಾಗದಿಂದ ಊತ, ಕೀವು, ಜ್ವರ. ಆದ್ದರಿಂದ ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ವಾರಗಟ್ಟಲೆ ಎಳೆಯಬೇಕು. ಸಾವಿರಾರು ವರ್ಷಗಳಿಂದ ನಡೆದುಬಂದ ಚಿಕಿತ್ಸೆ ಇದೊಂದೇ. ಇಂದಿಗೂ ಬೇರೆ ಔಷಧವಿಲ್ಲ, ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರದಂತೆ ತಡೆಯುವ ಶಕ್ತಿಯೂ ದೇಹದಲ್ಲಿ ಬೆಳೆಯುವುದಿಲ್ಲ.

ಇದರಿಂದ ಸಾಯುವವರು ಕಡಿಮೆ. ಆದರೆ ಕಾಲಿನಲ್ಲಿ ಹುಳು ಹೊರಟವರು ವಾರಗಳ ಕಾಲ, ಕೆಲವೊಮ್ಮೆ ತಿಂಗಳುಗಳ ಕಾಲ ನೆಲಕ್ಕೆ ಕಾಲೂರಲಾರರು. ಉಳುವ, ಬಿತ್ತುವ ದಿನಗಳಲ್ಲೇ ಹೀಗಾದರೆ ಮನೆಯ ವರ್ಷದ ಅನ್ನಕ್ಕೇ ಕುತ್ತು. ಕೀಲಿನ ಬಳಿ ಹುಳು ಹೊರಟರೆ ಕಾಲು ಮಡಚಲು ಬಾರದೆ ಕೆಲವರು ಕಾಯಂ ಕುಂಟರಾಗುತ್ತಿದ್ದರು. ಬಡ ರೈತರ, ಕೂಲಿಕಾರರ ರೋಗವಾದ್ದರಿಂದಲೇ ಬಹುಕಾಲ ಇದರ ಕಡೆ ಯಾರೂ ಗಮನ ಕೊಡಲಿಲ್ಲ ಎಂದರೆ ತಪ್ಪಾಗದು.

ರೋಗದ ಮೂಲ ನೀರಿನಲ್ಲಿದೆ ಎಂದು ಜನಕ್ಕೆ ತಿಳಿಯದೆ ಹೋದದ್ದು ಸಹಜ. ಕೆಟ್ಟ ನೀರು ಕುಡಿದು ವಾಂತಿಭೇದಿಯಾದರೆ ಒಂದೆರಡು ದಿನದಲ್ಲೇ ಕಾರಣ ಊಹಿಸಬಹುದು. ನಾರುಹುಣ್ಣಿನಲ್ಲಿ ನೀರು ಕುಡಿದದ್ದಕ್ಕೂ ಹುಳು ಹೊರಬರುವುದಕ್ಕೂ ನಡುವೆ ಸುಮಾರು ಒಂದು ವರ್ಷದ ಅಂತರ. ಅಷ್ಟು ದಿನ ದೇಹ ಯಾವ ಸುಳಿವನ್ನೂ ಕೊಡುವುದಿಲ್ಲ. ಹೋದ ವರ್ಷ ಯಾವ ಬಾವಿಯ ನೀರು ಕುಡಿದೆವೆಂದು ಯಾರು ನೆನಪಿಟ್ಟಾರು? ಹಾಗಾಗಿ ಇದನ್ನು ದೇವರ ಮುನಿಸೆಂದೋ, ಮಣ್ಣಿನ ದೋಷವೆಂದೋ, ರಕ್ತ ಕೆಟ್ಟದ್ದೆಂದೋ ಜನ ಬಗೆದರು.

ಆ ಒಂದು ವರ್ಷದ ಗುಟ್ಟನ್ನು ಬಿಡಿಸಿದ್ದು ಸಂಶೋಧನೆ. 1870ರ ಸುಮಾರಿಗೆ ರಷ್ಯದ ಪ್ರಕೃತಿವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ ಈ ಹುಳುವಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಅವು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಒಡಲಿನೊಳಗೆ ಬೆಳೆಯುವುದನ್ನು ಕಂಡರು. ಸೈಕ್ಲಾಪ್ಸ್ ಒಂದೆರಡು ಮಿಲಿಮೀಟರ್ ಉದ್ದ. ನಿಂತ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಕುಪ್ಪಳಿಸುವ ಬಿಳಿ ಚುಕ್ಕಿಗಳಾಗಿ ಬರಿಗಣ್ಣಿಗೂ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ರಾಬರ್ಟ್ ಲೈಪರ್ ಮುಂದಿನ ಹೆಜ್ಜೆ ಇಟ್ಟರು. ಸೋಂಕು ತಗುಲಿದ ಸೈಕ್ಲಾಪ್ಸನ್ನು ಜಠರದ ಆಮ್ಲದಷ್ಟೇ ತೆಳುವಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಹಾಕಿದಾಗ ಸೈಕ್ಲಾಪ್ಸ್ ಸತ್ತಿತು, ಒಳಗಿದ್ದ ಮರಿಹುಳು ಚುರುಕಾಗಿ ಹೊರಬಂತು. ಅಂಥ ಸೈಕ್ಲಾಪ್ಸನ್ನು ಬಾಳೆಹಣ್ಣಿನಲ್ಲಿಟ್ಟು ಕೋತಿಗೆ ತಿನ್ನಿಸಿ, ಆರು ತಿಂಗಳ ನಂತರ ಅದರ ದೇಹದಲ್ಲಿ ಹುಳುಗಳನ್ನು ಕಂಡು ತಮ್ಮ ವಾದವನ್ನು ಅವರು ಸಾಬೀತುಪಡಿಸಿದರು.

ಈ ಎರಡು ಕೆಲಸಗಳಿಂದ ಇಡೀ ಸರಪಳಿ ಬಯಲಾಯಿತು. ಉರಿ ತಾಳದೆ ರೋಗಿ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಾನೆ. ತಣ್ಣೀರು ತಾಗಿದ ಕೂಡಲೇ ಹೆಣ್ಣು ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಎರಡು ವಾರದಲ್ಲಿ ಮರಿಗಳು ಸೋಂಕು ಹರಡುವ ಹಂತ ಮುಟ್ಟುತ್ತವೆ. ಆ ನೀರನ್ನು ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಕರಗಿ ಮರಿಗಳು ಕರುಳನ್ನು ತೂರಿಕೊಂಡು ಹೋಗುತ್ತವೆ. ಗಂಡು ಹುಳು ಹೆಣ್ಣಿನೊಡನೆ ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ವರ್ಷವಿಡೀ ಬೆಳೆದು ಮತ್ತೆ ಕಾಲಿಗೆ ಇಳಿಯುತ್ತದೆ.

ಈ ಸಂಶೋಧನೆಯಲ್ಲಿ ಚಿತ್ರದುರ್ಗ ಜಿಲ್ಲೆಯದ್ದು ದೊಡ್ಡ ಪಾಲು, ಕನ್ನಡನಾಡಿನಲ್ಲೇ ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಳೆಯ ಮೈಸೂರು ಸಂಸ್ಥಾನದ ಆ ಒಣ ಜಿಲ್ಲೆಯಲ್ಲಿ ಕುಡಿಯುವ ನೀರಿಗೆ ಮೆಟ್ಟಿಲು ಬಾವಿಗಳೇ ಗತಿಯಾಗಿದ್ದವು. ಕೊಡ ತುಂಬಿಸಲು ಬಂದವರು ಮೆಟ್ಟಿಲಿಳಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಅಲ್ಲೇ ಕೊಡ ಅದ್ದುತ್ತಿದ್ದರು. ಹುಳುವಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಸಂಸ್ಥಾನದ ಆರೋಗ್ಯ ಇಲಾಖೆಯ ಡಾ. ವಿ. ಎನ್. ಮೂರ್ತಿ 1930ರ ದಶಕದಲ್ಲಿ ಅಲ್ಲಿ ರೋಗದ ಹರಡುವಿಕೆಯನ್ನು ಅಧ್ಯಯನ ಮಾಡಿ, ಪ್ರಯೋಗಗಳನ್ನೂ ನಡೆಸಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಾ. ಡಬ್ಲ್ಯು. ಸಿ. ಸ್ವೀಟ್ ಈ ಕೆಲಸದಲ್ಲಿ ಮೂರ್ತಿಯವರ ಜತೆಗಾರರಾದರು. ಪ್ರಯೋಗಾಲಯದಲ್ಲಷ್ಟೇ ಅಲ್ಲ, ನಿಸರ್ಗದಲ್ಲೂ ಸೈಕ್ಲಾಪ್ಸ್‌ಗಳಿಗೆ ಈ ಹುಳುವಿನ ಸೋಂಕು ಇರುವುದನ್ನು ಅವರಿಬ್ಬರೂ ದಾಖಲಿಸಿದರು. ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಡೆಯುವ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ಸೈಕ್ಲಾಪ್ಸ್‌ನೊಳಗೆ ಮರಿಹುಳು ಹಂತಹಂತವಾಗಿ ಬೆಳೆಯುವ ಬಗೆಯನ್ನು ಮೂರ್ತಿಯವರು ವಿವರವಾಗಿ ಬರೆದರು. ನಾಯಿಗಳಿಗೆ ಈ ಸೋಂಕನ್ನು ಪ್ರಯೋಗವಾಗಿ ತಗುಲಿಸಿಯೂ ನೋಡಿದರು. ಪರಜೀವಿಶಾಸ್ತ್ರದ ಬರಹಗಳಲ್ಲಿ ಈ ಕೆಲಸವನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಸರಪಳಿ ತಿಳಿದ ಮೇಲೆ ಅದನ್ನು ಎಲ್ಲಿ ಕತ್ತರಿಸಬಹುದೆಂಬುದೂ ತಿಳಿಯಿತು. ಹುಳು ಹೊರಟವರು ಕುಡಿಯುವ ನೀರಿಗೆ ಇಳಿಯಬಾರದು. ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ, ಹಗ್ಗ ಹಾಕಿ ಸೇದುವ ಬಾವಿಯಾಗಿ ಮಾಡಬೇಕು. ಆಗ ಯಾರ ಕಾಲೂ ನೀರಿಗೆ ತಾಗುವುದಿಲ್ಲ. ಕೊಳವೆ ಬಾವಿ, ಕೈಪಂಪು ಇದ್ದರೆ ಇನ್ನೂ ಒಳ್ಳೆಯದು. ಟೆಮಿಫಾಸ್ ಎಂಬ ಕೀಟನಾಶಕವನ್ನು ಲೀಟರಿಗೆ ಒಂದು ಮಿಲಿಗ್ರಾಮಿನ ಪ್ರಮಾಣದಲ್ಲಿ ಬಾವಿಗೆ ಹಾಕಿದರೆ ಸೈಕ್ಲಾಪ್ಸ್ ಸಾಯುತ್ತದೆ, ಕುಡಿಯುವವರಿಗೆ ಅಪಾಯವಿಲ್ಲ. ಇವೆಲ್ಲಕ್ಕೂ ಸರ್ಕಾರ, ಹಣ, ಸಿಬ್ಬಂದಿ ಬೇಕು. ಮನೆಯ ಮಟ್ಟದಲ್ಲಿ ಅಂದೇ ಆಗುವ ಕೆಲಸವೊಂದಿತ್ತು: ನೀರನ್ನು ಬಟ್ಟೆಯಲ್ಲಿ ಸೋಸುವುದು.

ಎರಡು ಪದರದ ಹತ್ತಿ ಬಟ್ಟೆಯನ್ನು ಕೊಡದ ಬಾಯಿಗೆ ಬಿಗಿಯಾಗಿ ಕಟ್ಟಿ ನೀರು ಹೊಯ್ದರೆ ಸಾಕು, ಸೈಕ್ಲಾಪ್ಸ್ ಬಟ್ಟೆಯ ಮೇಲೆ ಉಳಿಯುತ್ತದೆ. ಇಷ್ಟು ಸುಲಭದ ಕೆಲಸದಲ್ಲೂ ಒಂದು ಎಚ್ಚರ ಬೇಕು. ಪ್ರತಿ ಸಲವೂ ಬಟ್ಟೆಯ ಅದೇ ಮಗ್ಗುಲು ಮೇಲಿರಬೇಕು. ನಿನ್ನೆ ಮೇಲಿದ್ದ ಮಗ್ಗುಲನ್ನು ಇಂದು ಕೆಳಗೆ ಮಾಡಿ ಕಟ್ಟಿದರೆ, ಅಂಟಿಕೊಂಡಿದ್ದ ಸೈಕ್ಲಾಪ್ಸ್ ನೇರವಾಗಿ ಕೊಡದೊಳಗೆ ಬೀಳುತ್ತದೆ. ಬಟ್ಟೆಯಲ್ಲಿ ತೂತಿದ್ದರೂ ಅಷ್ಟೇ. ಮನೆಯಲ್ಲಿ ಸೋಸಿ ಕುಡಿದು, ಹೊಲದಲ್ಲಿ ಬಾಯಾರಿದಾಗ ಹಳ್ಳದ ನೀರನ್ನು ಬೊಗಸೆಯಲ್ಲಿ ಕುಡಿದರೆ ಮಾಡಿದ್ದೆಲ್ಲ ವ್ಯರ್ಥ.

ಭಾರತದಲ್ಲಿ ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ 1983-84ರಲ್ಲಿ ಆರಂಭವಾಯಿತು. ಆಗ ರೋಗವಿದ್ದ ರಾಜ್ಯಗಳು ಏಳು: ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು ಮತ್ತು ಕರ್ನಾಟಕ. 89 ಜಿಲ್ಲೆಗಳ 12,840 ಹಳ್ಳಿಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಇದರ ಮೇಲ್ವಿಚಾರಣೆ ವಹಿಸಿತು. ಆರೋಗ್ಯ ಕಾರ್ಯಕರ್ತರು ರೋಗಿ ಆಸ್ಪತ್ರೆಗೆ ಬರಲೆಂದು ಕಾಯದೆ ತಾವೇ ಹಳ್ಳಿ ಹಳ್ಳಿ ಹುಡುಕಿ ಹೊರಟದ್ದು ಇದರ ಜೀವಾಳ. ರೋಗಿ ಸಿಕ್ಕಿದರೆ ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗಿಳಿಯದಂತೆ ತಿಳಿಹೇಳಿ, ಆ ಊರಿನ ಬಾವಿಗಳಿಗೆ ಟೆಮಿಫಾಸ್ ಹಾಕುತ್ತಿದ್ದರು. ರೋಗಿಗಳು ಕಡಿಮೆಯಾದಂತೆ ಸುದ್ದಿ ಕೊಟ್ಟವರಿಗೆ ಬಹುಮಾನವನ್ನೂ ಇಟ್ಟರು. ಕೊನೆಯ ಕೆಲವರನ್ನು ಹುಡುಕುವುದೇ ಇಂಥ ಕೆಲಸದಲ್ಲಿ ಅತಿ ಕಷ್ಟ. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಪತ್ತೆಯಾದರು. ಮುಂದೆ ಮೂರು ವರ್ಷ ಒಬ್ಬರಿಗೂ ರೋಗ ಬರಲಿಲ್ಲ ಎಂಬುದು ಖಚಿತವಾದ ಮೇಲೆ, 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಪ್ರಮಾಣೀಕರಿಸಿತು. ರೋಗಿಗೆ ಕೊಡುವ ಔಷಧವೂ ಲಸಿಕೆಯೂ ಇಲ್ಲದೆ, ಅರಿವು ಮತ್ತು ನೀರಿನ ಶುಚಿತ್ವದಿಂದಲೇ ಒಂದು ರೋಗ ದೇಶ ಬಿಟ್ಟಿತು. ಸಿಡುಬಿನ ನಿರ್ಮೂಲನಕ್ಕೆ ಸಿಕ್ಕ ಹೆಸರು ಇದಕ್ಕೆ ಸಿಗದಿರುವುದು ನ್ಯಾಯವಲ್ಲ.

ನಾರುಹುಣ್ಣನ್ನು ತಡೆದ ಸೋಸುವ ಬಟ್ಟೆ ಎಲ್ಲ ರೋಗಗಳನ್ನೂ ತಡೆಯುತ್ತದೆಂದು ತಿಳಿಯಬಾರದು. ಬ್ಯಾಕ್ಟೀರಿಯ, ವೈರಸ್‌ಗಳು ಸೈಕ್ಲಾಪ್ಸ್‌ಗಿಂತ ಎಷ್ಟೋ ಪಟ್ಟು ಚಿಕ್ಕವು. ಯಾವ ಬಟ್ಟೆಯ ಎಳೆಗಳ ನಡುವೆಯೂ ಸಲೀಸಾಗಿ ಇಳಿದುಹೋಗುತ್ತವೆ. ಅವಕ್ಕೆ ಕುದಿಸಿದ ಅಥವಾ ಕ್ಲೋರಿನ್ ಹಾಕಿದ ನೀರೇ ಬೇಕು. ಆದರೂ ಕಾಲರಾ ವಿಷಯದಲ್ಲಿ ಬಟ್ಟೆಗೆ ಅನಿರೀಕ್ಷಿತ ಬೆಲೆ ಬಂತು. ಕಾಲರಾ ಬ್ಯಾಕ್ಟೀರಿಯ ಕೆರೆ, ಹೊಂಡಗಳಲ್ಲಿ ಸೈಕ್ಲಾಪ್ಸ್‌ನ ಬಳಗದ ಜೀವಿಗಳಿಗೆ ಅಂಟಿಕೊಂಡಿರುತ್ತದೆ ಎಂಬುದನ್ನು ಗಮನಿಸಿದ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್‌ನ 65 ಹಳ್ಳಿಗಳಲ್ಲಿ ಪ್ರಯೋಗ ನಡೆಸಿದರು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರವಾಗಿ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ಇಳಿಯಿತೆಂದು 2003ರಲ್ಲಿ ವರದಿ ಮಾಡಿದರು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದೊಗೆದು ನೂಲು ಸಡಿಲಗೊಂಡು ನವಿರೆದ್ದಾಗ ಎಳೆಗಳ ನಡುವಿನ ರಂಧ್ರ ಕಿರಿದಾಗುತ್ತದೆ.

ಜಗತ್ತಿನ ಲೆಕ್ಕದಲ್ಲಿ ನಾರುಹುಣ್ಣು ಇಳಿದ ಪರಿ ಬೆರಗಿನದು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 35 ಲಕ್ಷ ಜನ ಇದರಿಂದ ನರಳುತ್ತಿದ್ದರು. 1986ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಮೂಲನದ ನಿರ್ಣಯ ಕೈಗೊಂಡಿತು. ಅದೇ ವರ್ಷದಿಂದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಥಾಪಿಸಿದ ಕಾರ್ಟರ್ ಸೆಂಟರ್ ಮುಂದಾಳತ್ವ ವಹಿಸಿತು. ಸುಡಾನಿನ ಒಳಯುದ್ಧದ ನಡುವೆ, 1995ರಲ್ಲಿ, ಕಾರ್ಟರ್ ಸಂಧಾನ ಮಾಡಿ ಕೆಲವು ತಿಂಗಳ ಕದನವಿರಾಮ ಕೊಡಿಸಿದರು. ಸೋಸುವ ಬಟ್ಟೆಯನ್ನು ಊರೂರಿಗೆ ತಲುಪಿಸಲು ಆ ಬಿಡುವು ಬಳಕೆಯಾಯಿತು. ದನ ಮೇಯಿಸುತ್ತಾ ಅಲೆಯುವವರಿಗಾಗಿ ಕೊರಳಿಗೆ ತೂಗುಹಾಕಿಕೊಳ್ಳುವ ಕೊಳವೆ ಸೋಸುಕ ಬಂತು. ಕೆರೆಯ ದಡದಲ್ಲೇ ಬಾಗಿ ಅದರ ಮೂಲಕ ನೀರು ಹೀರಬಹುದು. 2024ರಲ್ಲಿ ಇಡೀ ಜಗತ್ತಿನಲ್ಲಿ ಕಂಡ ರೋಗಿಗಳು 15 ಮಂದಿ. ಚಾಡ್‌ನಲ್ಲಿ 9, ದಕ್ಷಿಣ ಸುಡಾನಿನಲ್ಲಿ 6.

ಆದರೆ ಕೊನೆಯ ತೊಡಕು ಬೇರೆ ದಿಕ್ಕಿನಿಂದ ಬಂತು. 2012ರಿಂದ ಚಾಡ್‌ನಲ್ಲಿ ನಾಯಿಗಳ ಕಾಲಿನಿಂದ ಇದೇ ಹುಳು ಹೊರಬರುವುದು ಹೆಚ್ಚಾಗಿ ಕಾಣತೊಡಗಿತು. ನಾಯಿಗೆ ಈ ಸೋಂಕು ತಗುಲಬಲ್ಲದೆಂದು ಚಿತ್ರದುರ್ಗದ ಪ್ರಯೋಗ ಮುಕ್ಕಾಲು ಶತಮಾನದ ಹಿಂದೆಯೇ ತೋರಿಸಿತ್ತು. ಚಾಡ್‌ನಲ್ಲಿ ನಾಯಿಗಳಿಗೆ ಅದು ಮೀನಿನ ಮೂಲಕ ಬರುತ್ತಿರಬೇಕೆಂಬುದು ಸಂಶೋಧಕರ ಅಂದಾಜು: ಸೈಕ್ಲಾಪ್ಸ್ ತಿಂದ ಮೀನು, ಆ ಮೀನಿನ ಕರುಳನ್ನು ತಿಂದ ನಾಯಿ. ಹೀಗಾಗಿ ಮೀನಿನ ಕರುಳನ್ನು ಹೂಳುವುದು, ಸೋಂಕು ತಗುಲಿದ ನಾಯಿಯನ್ನು ಕಟ್ಟಿಹಾಕುವುದು, ಹಾಗೆ ಕಟ್ಟಿಹಾಕಿದವರಿಗೆ ಹಣ ಕೊಡುವುದು ಅಲ್ಲಿನ ಕಾರ್ಯಕ್ರಮದ ಭಾಗವಾಗಿವೆ. 2024ರಲ್ಲಿ ಸೋಂಕಿತ ಪ್ರಾಣಿಗಳು 600ಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ನಿರ್ಮೂಲನಕ್ಕೆ ಇಟ್ಟುಕೊಂಡ ಗುರಿ 2030. ಮನುಷ್ಯರಲ್ಲಿ ಒಬ್ಬರಿಗೂ ರೋಗವಿಲ್ಲದಿದ್ದರೂ, ಪ್ರಾಣಿಗಳಲ್ಲಿ ಸೋಂಕು ಉಳಿದಿರುವವರೆಗೆ ಅಂಥ ದೇಶಗಳಿಗೆ ಪ್ರಮಾಣಪತ್ರ ಸಿಗುವುದಿಲ್ಲ.