ಒಂದು ಹನಿಗೆ ನೂರು ಬಲ್ಬು!

ವೀಕ್ಷಕರೇ, ಒಂದೇ ಒಂದು ಹನಿ ನೀರು. ಹದಿನೈದು ಸೆಂಟಿಮೀಟರ್ ಮೇಲಿಂದ, ಅಂದ್ರೆ ಒಂದು ಗೇಣಿಗಿಂತ ಕಡಿಮೆ ಎತ್ತರದಿಂದ ಬೀಳುತ್ತೆ. ಬಿದ್ದ ಕೂಡಲೇ ನೂರು ಪುಟ್ಟ ಎಲ್‌ಇಡಿ ಬಲ್ಬುಗಳು ಫಳ್ ಅಂತ ಹೊತ್ತಿಕೊಳ್ಳುತ್ತವೆ. ಇದು ವಾಟ್ಸಾಪ್ ಕಥೆ ಅಲ್ಲ. 2020ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ. ಮಾಡಿದ್ದು ಹಾಂಗ್‌ಕಾಂಗ್‌ನ ಸಿಟಿ ಯೂನಿವರ್ಸಿಟಿಯ ವಾಂಗ್ ಝುವಾನ್‌ಕೈ ಮತ್ತು ಸಂಗಡಿಗರು. ಒಂದು ಹನಿಯಿಂದ ಬಂದ ವೋಲ್ಟೇಜ್ 140ಕ್ಕೂ ಹೆಚ್ಚು!

ಹಾಗಾದ್ರೆ ಮಲೆನಾಡಿನ ಪ್ರತಿ ಮನೆಯ ಮಾಡಿನ ಮೇಲೂ ಒಂದು ಪವರ್ ಹೌಸ್ ಮಾಡಬಹುದಾ? ಮಳೆ ಬಂದ್ರೆ ಕರೆಂಟ್ ಹೋಗೋ ಊರಿಗೆ ಆ ಮಳೆಯಿಂದಲೇ ಕರೆಂಟ್ ಕೊಡಬಹುದಾ? ಆಸೆ ಚೆನ್ನಾಗಿದೆ. ಆದ್ರೆ ನಾನು ಟಿವಿಗೆ ಬರೋ ಮುಂಚೆ ಇಂಜಿನಿಯರಿಂಗ್ ಓದಿದವನು. ಆಸೆಗಿಂತ ಮೊದಲು ಲೆಕ್ಕ ನೋಡೋಣ.

ಮೊದಲು, ಇದು ಕೆಲಸ ಮಾಡೋದು ಹೇಗೆ? ದೋಸೆ ಅಂಟದ ತವಾ ಇದೆಯಲ್ಲ, ಅದರ ಮೇಲಿನ ಟೆಫ್ಲಾನ್ ಲೇಪ ನಿಮಗೆ ಗೊತ್ತು. ಅದೇ ವಸ್ತುವಿನ ತೆಳು ಪದರ ಇಲ್ಲಿದೆ. ಹನಿಗಳು ಮತ್ತೆ ಮತ್ತೆ ಬಡಿದಾಗ ಅದರ ಮೇಲೆ ವಿದ್ಯುದಾವೇಶ ಸೇರುತ್ತಾ ಹೋಗುತ್ತೆ, ಸುಲಭಕ್ಕೆ ಸೋರಿಹೋಗಲ್ಲ. ಪದರದ ಕೆಳಗೆ ವಿದ್ಯುತ್ ಹರಿಯುವ ಪಾರದರ್ಶಕ ತಳ, ಮೇಲೆ ಅಲ್ಯೂಮಿನಿಯಂನ ಒಂದು ಸಣ್ಣ ತುಂಡು. ಬಿದ್ದ ಹನಿ ಚಪ್ಪಟೆಯಾಗಿ ಹರಡಿ ಆ ಅಲ್ಯೂಮಿನಿಯಂಗೆ ತಾಗಿದ ಕ್ಷಣ ಸರ್ಕ್ಯೂಟ್ ಪೂರ್ತಿಯಾಗುತ್ತೆ, ಕರೆಂಟ್ ಹರಿಯುತ್ತೆ. ಹನಿಯೇ ಸ್ವಿಚ್ಚು! ಈ ತಂಡದ ಜಾಣತನ ಇರೋದು ಇಲ್ಲೇ.

ಹನಿಯಿಂದ ವಿದ್ಯುತ್ ತೆಗೆಯೋದು ಹೊಸದೇನಲ್ಲ. 1867ರಲ್ಲೇ ಲಾರ್ಡ್ ಕೆಲ್ವಿನ್ ತೊಟ್ಟಿಕ್ಕುವ ನೀರು, ಲೋಹದ ಉಂಗುರ, ಎರಡು ಪಾತ್ರೆ ಇಟ್ಟುಕೊಂಡು ಸಾವಿರಾರು ವೋಲ್ಟ್ ತೋರಿಸುವ ಯಂತ್ರ ಮಾಡಿದ್ದರು. ವೋಲ್ಟೇಜ್ ಬರೋದು ಕಷ್ಟವಲ್ಲ. ಪ್ರಶ್ನೆ ಇರೋದು ಯೂನಿಟ್ ಎಷ್ಟು ಅಂತ.

ಈಗ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. 100 ಚದರ ಮೀಟರ್ ಮಾಡಿನ ಮೇಲೆ ಬೀಳೋ ನೀರು 7 ಲಕ್ಷ ಲೀಟರ್. ಮೋಡ ಎಷ್ಟೇ ಎತ್ತರದಲ್ಲಿರಲಿ, ಗಾಳಿ ಹನಿಯನ್ನು ತಡೆಯುತ್ತೆ. ದಪ್ಪ ಹನಿಯೂ ನೆಲ ಮುಟ್ಟೋದು ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ. ಅಷ್ಟೂ ಮಳೆಯ ಬಡಿತದ ಶಕ್ತಿ ಒಟ್ಟು ಮಾಡಿದ್ರೆ ಎಷ್ಟು ಗೊತ್ತಾ? ಆರು ಯೂನಿಟ್ ಚಿಲ್ಲರೆ. ದಿನಕ್ಕಲ್ಲ, ವರ್ಷಕ್ಕೆ! ಅದರಲ್ಲಿ ಈ ಸಾಧನ ಹಿಡಿಯೋದು ನೂರಕ್ಕೆ ಎರಡರಷ್ಟು. ಅಂದ್ರೆ 9 ವ್ಯಾಟ್‌ನ ಒಂದು ಬಲ್ಬು 14 ಗಂಟೆ ಉರಿಯುತ್ತೆ. ಮುಗೀತು, ಮುಂದಿನ ವರ್ಷಕ್ಕೆ ಕಾಯಬೇಕು.

ಅದೇ 7 ಲಕ್ಷ ಲೀಟರ್ ನೀರನ್ನು ಜೋಗದ 253 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿಸಿದ್ರೆ ಅದರಲ್ಲಿರೋ ಶಕ್ತಿ ಸುಮಾರು 480 ಯೂನಿಟ್. ಮಾಡಿನ ಮೇಲೆ ಒಂದು ಕಿಲೋವ್ಯಾಟ್ ಸೋಲಾರ್ ಹಾಕಿದ್ರೆ, ಬಿಸಿಲಿರೋ ಎರಡೇ ದಿನದಲ್ಲಿ ಮಳೆಯ ಆ ಆರು ಯೂನಿಟ್ ದಾಟುತ್ತೆ.

ಹಾಗಂತ ಈ ಸಂಶೋಧನೆ ವ್ಯರ್ಥವಾ? ಖಂಡಿತ ಇಲ್ಲ. ಕಾಡಿನ ನಡುವೆ ಮಳೆ ಅಳೆಯುವ, ಗುಡ್ಡ ಜರಿಯುವ ಸುಳಿವು ಹಿಡಿಯುವ ಪುಟ್ಟ ಸೆನ್ಸರ್‌ಗಳಿಗೆ ಬೇಕಾಗೋದು ಅತಿ ಕಡಿಮೆ ವಿದ್ಯುತ್. ಬ್ಯಾಟರಿ ಬದಲಾಯಿಸೋಕೆ ಯಾರೂ ಹೋಗಲಾಗದ ಜಾಗದಲ್ಲಿ, ಬಿಸಿಲೇ ಕಾಣದ ಆಷಾಢದಲ್ಲಿ, ಮಳೆಯೇ ಅವಕ್ಕೆ ಕರೆಂಟ್ ಕೊಡುವಂತಾದ್ರೆ ಅದು ಜೀವ ಉಳಿಸೋ ಕೆಲಸ. ಈ ಹನಿಯ ಸರಿಯಾದ ಜಾಗ ಅದು.

ನನ್ನ ಆತಂಕ ಬೇರೆ. ‘ಒಂದು ಹನಿಗೆ ನೂರು ಬಲ್ಬು’ ಅನ್ನೋ ಮಾತು ಸುಳ್ಳಲ್ಲ, ಆದ್ರೆ ಆ ಬಲ್ಬು ಮಿಂಚೋದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಈ ಅರ್ಧ ಮಾತನ್ನೇ ಹಿಡಿದು ನಾಳೆ ಯಾರೋ ಒಬ್ಬರು ನಿಮ್ಮ ಮನೆ ಬಾಗಿಲಿಗೆ ಬಂದು ‘ಮಳೆ ಪ್ಯಾನೆಲ್, ಅಡ್ವಾನ್ಸ್ ಕೊಡಿ ಸಾರ್’ ಅನ್ನಬಹುದು. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುತ್ತೆ, ಕರೆಂಟ್ ಹೋಗಿ ಮೂರು ದಿನ ಆಗಿರುತ್ತೆ, ಮನಸ್ಸು ಸೋಲುತ್ತೆ. ಆಗ ಒಂದೇ ಪ್ರಶ್ನೆ ಕೇಳಿ: ‘ವೋಲ್ಟ್ ಬಿಡಿ ಸ್ವಾಮಿ, ವರ್ಷಕ್ಕೆ ಯೂನಿಟ್ ಎಷ್ಟು?’ ಉತ್ತರ ಬರದಿದ್ರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ದುಡ್ಡು ಮಾತ್ರ ಕೊಡಬೇಡಿ.